ಉಗುರುಗೆರೆಯ ಚಿಪ್ಪುಗಳು

ಕೇಪ್ ಕನಾವೆರಲ್, ಫ್ಲೋರಿಡಾ
ಸೆಪ್ಟೆಂಬರ್ 14, 1986

ಹೆಟ್ಟಿ,

ನಾಳೆ ನಮ್ಮ ಕೊಲ್ಲಿಯಲ್ಲಿ ಸ್ಕ್ಯಾಲಪ್ ಚಿಪ್ಪುಮೀನಿನ ಸುಗ್ಗಿ ಶುರುವಾಗುವ ಸೋಮವಾರ. ನಾನು ನೀರಿನ ಮೇಲೆ ಇಲ್ಲದ ಮೊದಲ ಸುಗ್ಗಿ ಇದು. ಹೋದ ವರ್ಷ ನೀರು ಚಹಾದ ಹಾಗೆ ಕಂದಾಗಿ, ಚಿಪ್ಪಿನೊಳಗೆ ಬಟಾಣಿ ಕಾಳಿನಷ್ಟು ಮಾಂಸ ಉಳಿದಿದ್ದಾಗಲೂ ಬೆಳಕು ಹರಿಯುವ ಮೊದಲೇ ಬೋಟು ಹೊರಡಿಸಿದ್ದೆ. ಖಾಲಿ ಕೈಯಲ್ಲಿ ಬಂದೆ. ನೀನು ಕಾಫಿ ಕೊಟ್ಟೆ. ಇಲ್ಲಿ ನಾಳೆ ಯಾವ ದಿನ ಅಂತ ಯಾರಿಗೂ ಗೊತ್ತಿಲ್ಲ. ನನ್ನ ಜೊತೆ ಟ್ರೇಲರ್ ಹಂಚಿಕೊಂಡಿರುವ ಡೆಲ್ಬರ್ಟ್‌ಗೆ ಹೇಳಿದೆ. ಅದೇನು ನಿಮ್ಮೂರ ಹಬ್ಬವಾ ಅಂತ ಕೇಳಿದ. ಹೌದು ಅಂದೆ.

ಇಲ್ಲಿಯ ಚಿಪ್ಪು ನಮ್ಮದಲ್ಲ. ಬಿಳಿಯ ಮೇಲೆ ಕೆಂಪು ಚುಕ್ಕೆ, ನೋಡಲು ಚೆಂದ, ಒಳಗಿನ ತಿನ್ನುವ ಬಿಳಿಗುಂಡು ಮಾತ್ರ ಕಿರುಬೆರಳ ತುದಿಯಷ್ಟು. ಸಮುದ್ರದ ಆಳದಿಂದ ದೊಡ್ಡ ಬೋಟುಗಳು ರಾಶಿ ರಾಶಿ ತಂದು ಸುರಿಯುತ್ತವೆ. ಯಾರೂ ಒಂದನ್ನೂ ಕೈಯಲ್ಲಿ ಹಿಡಿದು ನೋಡುವುದಿಲ್ಲ, ವಯಸ್ಸು ಹೇಳುವ ಗೆರೆ ಹುಡುಕುವುದಿಲ್ಲ, ಮರಿಯನ್ನು ವಾಪಸ್ ಎಸೆಯುವುದಿಲ್ಲ. ನನ್ನ ಕೆಲಸವೂ ಸ್ಕ್ಯಾಲಪ್ಪಿನದ್ದೇ. ನಿಂತು ನಿಂತು ಕಾಲು ಹಿಡಿದುಕೊಳ್ಳುತ್ತದೆ, ಅದೊಂದೇ ತೊಂದರೆ.

ನೀರು ಹೇಗಿದೆ ಬರೆ. ನಮ್ಮ ಚಿಪ್ಪು ಮರಳಿ ಬಂದ ದಿನ ನಾನೂ ಮರಳಿ ಬರುತ್ತೇನೆ. ಚಿಪ್ಪು ಬಿಡಿಸುವ ಶೆಡ್ಡಿನ ಒಲೆ ಹಚ್ಚೋಣ, ನಿನ್ನ ಸ್ಟೂಲು ನಿನಗೆ, ನಿನ್ನ ಕತ್ತಿ ನಿನಗೆ. ಎಲ್ಲ ಮೊದಲಿನ ಹಾಗೇ ಆಗುತ್ತದೆ. ಅಲ್ಲಿವರೆಗೆ ಹಲ್ಲು ಕಚ್ಚಿ ತಡೆದುಕೋ.

ಫೋನ್ ಮಾಡುವುದಿಲ್ಲ. ಹೋದ ಸಲ ನೀನು ಹೇಳಿದ್ದು ಸರಿ, ಫೋನಿನಲ್ಲಿ ನಾನು ಬಿರುಗಾಳಿಯಲ್ಲಿ ಪಕ್ಕದ ಬೋಟಿನವನನ್ನು ಕರೆಯುವ ಹಾಗೆ ಕೂಗುತ್ತೇನೆ.

ಜಾರ್ವಿಸ್


ಸ್ಪ್ರಿಂಗ್ಸ್, ಲಾಂಗ್ ಐಲೆಂಡ್
ಸೆಪ್ಟೆಂಬರ್ 28, 1986

ಜಾರ್ವಿಸ್,

ಸುಗ್ಗಿಯ ಸೋಮವಾರ ನಿನ್ನ ತಮ್ಮ ನಾರಿಸ್ ಹೋಗಿದ್ದ. ಚಿಕ್ಕಪ್ಪನ ಮಗನಾದರೂ ಹಟ ನಿನ್ನದೇ. ಇಡೀ ದಿನ ಬಲೆ ಎಳೆದು ಎರಡು ಏಡಿ, ಒಂದು ಹಳೆ ಟೈರು ತಂದ. ಟೈರು ಒಳ್ಳೆಯ ಸ್ಥಿತಿಯಲ್ಲಿದೆ ಅತ್ತಿಗೆ ಅಂತ ತೋರಿಸಿದ. ಅವನ ಹೆಂಡತಿ ಡೋರಾ ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು. ಈ ಬೇಸಿಗೆಯೂ ನೀರು ಕಂದಾಗೇ ಇತ್ತು. ಬೆಳಕು ತಳ ಮುಟ್ಟದೆ ಹುಲ್ಲು ಸತ್ತಿದೆ, ಹುಲ್ಲಿಲ್ಲದ ಮೇಲೆ ಚಿಪ್ಪಿನ ಮರಿ ಯಾವುದಕ್ಕೆ ಅಂಟಿಕೊಂಡು ಬೆಳೆಯಬೇಕು? ನಿನಗೆ ಹೇಳುವುದೇನು, ನೀನೇ ನೋಡಿ ಹೋಗಿದ್ದೀಯ.

ನನಗೆ ಶಾಲೆಯ ಅಡಿಗೆಮನೆಯಲ್ಲಿ ಮಧ್ಯಾಹ್ನದವರೆಗೆ ಕೆಲಸ ಸಿಕ್ಕಿದೆ. ಆಲೂಗಡ್ಡೆ ಸುಲಿಯುವುದು, ಸೂಪು ಕಲಕುವುದು. ಬೆಚ್ಚಗಿನ ಜಾಗ. ಮಕ್ಕಳು ಗಲಾಟೆ ಮಾಡುತ್ತವೆ, ಮಾಡಲಿ.

ಮೊನ್ನೆ ಒಂದು ಸಂಗತಿ ಆಯಿತು. ಅಂಗಿಯ ಕುತ್ತಿಗೆಯ ಗುಂಡಿ ನಾನೇ ಹಾಕಿಕೊಂಡೆ. ಹಾಕಿಕೊಂಡ ಮೇಲೆ ನೆನಪಾಯಿತು, ಎಷ್ಟು ವರ್ಷಗಳಿಂದ ನಿನ್ನನ್ನು ಕೂಗುತ್ತಿದ್ದೆ ಅಂತ. ಬೆರಳ ಗಂಟುಗಳ ಬಾವು ಇಳಿದಿದೆ. ಶೆಡ್ಡು ಸುಮ್ಮನೆ ನಿಂತಿದೆ, ಕೈಯೂ ಸುಮ್ಮನಿದೆ. ಒಂದೊಂದು ಸಲ ಕೂತು ನನ್ನ ಕೈಯನ್ನೇ ನೋಡಿಕೊಳ್ಳುತ್ತೇನೆ. ಅದು ಹೋಗಲಿ.

ಬೆಳಿಗ್ಗೆ ಸಣ್ಣ ದೋಣಿ ಹಾಕಿಕೊಂಡು ಸ್ಯಾಮಿಯ ತೋಡಿನ ತನಕ ಹುಟ್ಟು ಹಾಕಿ ಬರುತ್ತೇನೆ. ಬೆನ್ನಿಗೆ ಒಳ್ಳೆಯದು. ಅಲ್ಲಿ ಬುಗ್ಗೆಯ ನೀರು ಬಂದು ಸೇರುವ ಕಡೆ ಒಂದಿಷ್ಟು ಹಸಿರು ಹುಲ್ಲು ಉಳಿದಿದೆ. ಬೇರೆ ಏನೂ ಇಲ್ಲ. ಬರೀ ಹುಲ್ಲು.

ಉಣ್ಣೆಯ ಬನಿಯನ್ ಕಳಿಸಲೇ ಅಂತ ಕೇಳಬೇಕೆಂದಿದ್ದೆ. ಫ್ಲೋರಿಡಾದಲ್ಲಿ ಉಣ್ಣೆ ಯಾಕೆ, ನನಗೆ ಬುದ್ಧಿ ಇಲ್ಲ.

ಹೆಟ್ಟಿ


ಕೇಪ್ ಕನಾವೆರಲ್
ಅಕ್ಟೋಬರ್ 12, 1986

ಹೆಟ್ಟಿ,

ಉಣ್ಣೆಯ ಕೈಗವಸು ಇದ್ದರೆ ಕಳಿಸು. ಯಾಕೆ ಅಂತ ಕೇಳಬೇಡ. ಇಲ್ಲಿ ಬಿಸಿಲೇ, ಆದರೂ ಕಳಿಸು.

ಕೈ ಸುಮ್ಮನಿದೆ ಅಂತ ಬರೆದೆಯಲ್ಲ, ಅದನ್ನು ಓದಿ ತಟ್ಟೆ ಬದಿಗಿಟ್ಟೆ. ಖಾಲಿ ಕೈ ನೋಡಿಕೊಂಡು ಕೂತಿರುವ ನಿನ್ನನ್ನು ನೆನೆಸಿಕೊಂಡರೆ ಊಟ ಇಳಿಯುವುದಿಲ್ಲ. ನಮ್ಮ ಕಡಲದಂಡೆಯಲ್ಲಿ ನಿನ್ನಷ್ಟು ಚುರುಕಾಗಿ ಚಿಪ್ಪು ಬಿಡಿಸುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಕತ್ತಿ ಒಂದು ಸಲ ಒಳಗೆ, ಮೇಲಿನ ಚಿಪ್ಪು ಆಚೆ, ಕರುಳು ಆಚೆ, ಬಿಳಿಗುಂಡು ಪಾತ್ರೆಗೆ. ನಾನು ಬೋಟು ಕಟ್ಟುತ್ತಿದ್ದಾಗ ಶೆಡ್ಡಿನಿಂದ ನೀವು ಹೆಂಗಸರು ಹಾಡುವುದು ಕೇಳುತ್ತಿತ್ತು. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ, ಬಲೆ ಎಳೆದ ಕೈ ಕತ್ತಿ ಹಿಡಿಯಬಾರದು ಅಂತ. ನಮ್ಮ ಮನೆಯ ಗಂಡಸರು ಯಾರೂ ಒಂದು ಚಿಪ್ಪು ಬಿಡಿಸಿದವರಲ್ಲ. ಹಾಗಾಗಿ ಆ ಶೆಡ್ಡು ನಿನ್ನ ರಾಜ್ಯ. ನಿನ್ನ ರಾಜ್ಯ ಹೋಯಿತು, ನನಗೆ ಅದೇ ಕೊರಗು.

ಇಲ್ಲಿ ಡೆಲ್ಬರ್ಟ್‌ಗೆ ನಮ್ಮ ಚಿಪ್ಪಿನ ಬಗ್ಗೆ ಹೇಳಿದರೆ ನಂಬುವುದಿಲ್ಲ. ಬಾಯಂಚಿನ ತುಂಬ ನೀಲಿ ಕಣ್ಣು ಇರುತ್ತದೆ ಮಾರಾಯ, ನಿನ್ನ ನೆರಳು ಬಿದ್ದರೆ ಸಾಕು, ಎರಡು ಚಿಪ್ಪೂ ಚಪ್ಪಾಳೆ ತಟ್ಟಿಕೊಂಡು ಹಾರಿ ಹೋಗುತ್ತದೆ ಅಂದೆ. ಅಷ್ಟೆಲ್ಲ ಕಣ್ಣಿದ್ದೂ ನಿನ್ನ ಬಲೆ ಕಾಣಲಿಲ್ಲವಾ ಅಂದ. ಎರಡು ವರ್ಷವೂ ತುಂಬದ ಆಯುಷ್ಯ, ಅದರಲ್ಲಿ ಒಂದೇ ಬೇಸಿಗೆ ಮೊಟ್ಟೆ ಬಿಡುವುದು. ಒಂದು ಬೇಸಿಗೆ ತಪ್ಪಿದರೆ ಮುಂದಿನದ್ದಕ್ಕೆ ಅಪ್ಪ ಅಮ್ಮನೇ ಇಲ್ಲ. ಅಂಥ ಬದುಕನ್ನು ನಂಬಿಕೊಂಡು ನಾವು ಮನೆ ಕಟ್ಟಿದೆವು ನೋಡು.

ಆ ತೋಡಿನ ಹುಲ್ಲು ಎಷ್ಟು ಉದ್ದವಿದೆ?

ಜಾರ್ವಿಸ್


ಸ್ಪ್ರಿಂಗ್ಸ್
ಅಕ್ಟೋಬರ್ 26, 1986

ಜಾರ್ವಿಸ್,

ಕೈಗವಸು ಈ ಲಕೋಟೆಯ ಹಿಂದೆಯೇ ಬರುತ್ತದೆ. ಹುಲ್ಲಿನ ಉದ್ದ ಕಟ್ಟಿಕೊಂಡು ನಿನಗೇನಾಗಬೇಕು? ಮೊಣಕಾಲಿನ ತನಕ ಇರಬಹುದು.

ನಿನ್ನ ಅಕ್ಷರಕ್ಕೆ ಏನಾಗಿದೆ? ಕೋಳಿ ಕೆದರಿದ ಹಾಗಿದೆ. ‘ಕೊರಗು’ ಅನ್ನುವುದನ್ನು ನಾನು ಮೂರು ಸಲ ಓದಿದೆ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಮತ್ತೆ ಕುಡಿಯಲು ಶುರು ಮಾಡಿದ್ದೀಯಾ? ಅಲ್ಲಿ ಬೈಯುವವರಿಲ್ಲ ಅಂತ ಆ ಡೆಲ್ಬರ್ಟ್ ಜೊತೆ ಸೇರಿ ಹಾಳಾಗಬೇಡ. ಹಗಲೆಲ್ಲ ಬೋಟಿನ ಮೇಲಿದ್ದು, ಬಿಸಿಲಲ್ಲಿ ಬೆಂದು, ಸಂಜೆ ಸೀಸೆ ಹಿಡಿದು ಕೂತರೆ ಈ ವಯಸ್ಸಿಗೆ ಮೈ ತಡೆಯುತ್ತದೆಯೇ? ನಿನಗೇನು, ನೀರಿನ ಮೇಲಿದ್ದರೆ ನಿನಗೆ ಮನೆಯೂ ನೆನಪಾಗುವುದಿಲ್ಲ, ಮೈಯೂ ನೆನಪಾಗುವುದಿಲ್ಲ. ನೀನು ಸುಖವಾಗಿದ್ದೀಯ ಅಂತಲೇ ತಿಳಿದಿದ್ದೇನೆ. ಹೊಟ್ಟೆಕಿಚ್ಚು ಪಡುತ್ತಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಅಡಿಗೆಮನೆಯ ಕಿಟಕಿಯ ಮೇಲೆ ಹಳೆಯ ಚಿಪ್ಪೊಂದಿದೆ. ಪೂರ್ತಿ ಬೆಳೆದ ಗಾತ್ರ. ಆದರೆ ಗೆರೆ ಮಾತ್ರ ನಡುವೆ ಇಲ್ಲ, ಮೇಲೆ ಎರಡು ಚಿಪ್ಪು ಕೂಡುವ ಕೀಲಿನ ಹತ್ತಿರ, ನನ್ನ ಉಗುರಿನೊಳಗೆ ಮುಚ್ಚಿಹೋಗುವಷ್ಟು ಹತ್ತಿರ. ಇಂಥದ್ದನ್ನು ಏನೆನ್ನಬೇಕು? ಹಿರಿಯದೋ, ಮರಿಯೋ? ನಾರಿಸ್‌ನನ್ನು ಕೇಳಿದೆ. ಎಲ್ಲಿ ಸಿಕ್ಕಿತು ಅತ್ತಿಗೆ ಅಂತ ಬೆನ್ನು ಹತ್ತಿದ. ಕಿಟಕಿಯ ಮೇಲೆ ಅಂದೆ. ದಿನಾ ಆ ತೋಡಿಗೆ ಯಾಕೆ ಹೋಗುತ್ತೀರಿ ಅಂತಲೂ ಕೇಳಿದ. ಬೆನ್ನಿಗೆ ಅಂದೆ. ನೀರೊಳಗೆ ನೋಡುವ ಗಾಜಿನ ತಳದ ಪೆಟ್ಟಿಗೆಯೂ ಬೆನ್ನಿಗೇನಾ ಅಂದ. ಮಹಾ ಬುದ್ಧಿವಂತ.

ಮೊನ್ನೆ ಡೋರಾಳ ಮೊಮ್ಮಗಳಿಗೆ ಟೋಪಿ ಹೆಣೆದೆ. ಒಂದು ಕುಣಿಕೆಯೂ ಬಿಟ್ಟುಹೋಗಲಿಲ್ಲ. ಹೀಗೇ ಇದ್ದುಬಿಡಲಿ ಅನ್ನಿಸುತ್ತದೆ ಒಂದೊಂದು ಸಲ.

ಹೆಟ್ಟಿ


ಕೇಪ್ ಕನಾವೆರಲ್
ನವೆಂಬರ್ 9, 1986

ಹೆಟ್ಟಿ,

ಕುಡಿತ ಸ್ವಲ್ಪ ಇದೆ. ಅಷ್ಟೇ ಅಂತ ತಿಳಿದುಕೋ. ಬೈಯಬೇಡ.

ಗೆರೆಯ ವಿಷಯ. ನೀನು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅದು. ಅಜ್ಜನ ಕಾಲದಿಂದ ಒಂದೇ ಮಾತು, ಗೆರೆ ಕಂಡರೆ ಹಿರಿಯದು, ಹಿರಿಯದನ್ನು ಬಿಟ್ಟರೆ ಚಳಿಯ ಪಾಲು. ಗೆರೆ ಮೇಲಿರಲಿ, ಕೆಳಗಿರಲಿ, ಒಂದು ಚಳಿಗಾಲ ಕಂಡಿದೆ, ಒಂದು ಬೇಸಿಗೆ ಮೊಟ್ಟೆ ಬಿಟ್ಟಿದೆ, ಅದರ ಕೆಲಸ ಮುಗಿದಿದೆ. ಇನ್ನೊಂದು ವಸಂತ ನೋಡುವುದಿಲ್ಲ. ತೆಗೆದು ತಿನ್ನದಿದ್ದರೆ ಕಡಲಹಕ್ಕಿ ತಿನ್ನುತ್ತದೆ. ಗೆರೆ ಇಲ್ಲದ ಮರಿಯನ್ನು ಮುಟ್ಟಬಾರದು, ಗೆರೆ ಇರುವುದನ್ನು ಬಿಡಬಾರದು. ನಾರಿಸ್‌ಗೂ ಇದನ್ನೇ ಹೇಳಿದೆ. ಅವನಿಗೆ ಮೊನ್ನೆ ಅಂಗಡಿಯ ಹತ್ತಿರದಿಂದ ಫೋನ್ ಮಾಡಿದ್ದೆ, ಬೇರೆ ಕೆಲಸವಿತ್ತು.

ಈ ತಿಂಗಳ ಕೊನೆಯ ಕೃತಜ್ಞತೆಯ ಹಬ್ಬಕ್ಕೆ ನಿನಗೊಂದು ವಸ್ತು ಬರುತ್ತದೆ. ಏನು ಅಂತ ಹೇಳುವುದಿಲ್ಲ. ನಿನ್ನ ಕೈಗೆ ಬೇಕಾದದ್ದು ಅಂತ ಮಾತ್ರ ಹೇಳುತ್ತೇನೆ. ನಾನು ಎದುರಿಗಿದ್ದು ನಿನ್ನ ಮುಖ ನೋಡಬೇಕಿತ್ತು. ಆಗುವುದಿಲ್ಲ.

ಆಯಾಸವಾಗಿದೆ. ಇಷ್ಟು ಸಾಕು.

ಜಾರ್ವಿಸ್


ಸ್ಪ್ರಿಂಗ್ಸ್
ನವೆಂಬರ್ 16, 1986

ಜಾರ್ವಿಸ್,

ಸ್ವಲ್ಪ ಅಂದರೆ ಎಷ್ಟು ಅಂತ ನನಗೆ ಗೊತ್ತು. ಬೈದು ಪ್ರಯೋಜನವಿಲ್ಲ, ಬೈಯುವುದಿಲ್ಲ.

ಹಬ್ಬಕ್ಕೆ ಏನೂ ಬೇಡ. ಕೈಗೆ ಬೇಕಾದದ್ದು ಅಂದರೆ ಲೇಪನದ ಡಬ್ಬಿಯೋ ಏನೋ ಇರಬೇಕು. ಕಳಿಸಿದ್ದರೆ ಕಳಿಸಿದ್ದೀಯ, ಸಂತೋಷ.

ನಿನ್ನ ಅಜ್ಜನ ಮಾತು ನನಗೆ ಒಪ್ಪಿಗೆಯಿಲ್ಲ. ಚಳಿ ಬಿದ್ದಾಗ ಚಿಪ್ಪು ಬೆಳೆಯುವುದನ್ನು ನಿಲ್ಲಿಸುತ್ತದೆ, ನಿಂತ ಕಡೆ ಗೆರೆ ಬೀಳುತ್ತದೆ, ಸರಿಯಷ್ಟೆ. ಗೆರೆ ಉಗುರಿನಷ್ಟಕ್ಕೇ ಇದೆ ಅಂದರೆ ಚಳಿ ಬಂದಾಗ ಅದು ಉಗುರಿನಷ್ಟೇ ಇತ್ತು. ಜೂನಿನಲ್ಲಿ ಹುಟ್ಟಿದ್ದಲ್ಲ, ಎಲ್ಲ ಮುಗಿದ ಮೇಲೆ ಹೋದ ವರ್ಷ ಅಕ್ಟೋಬರಿನಲ್ಲಿ ಹುಟ್ಟಿದ್ದು. ಅಂಥದ್ದು ಈ ಬೇಸಿಗೆಯಲ್ಲಿ ಮೊಟ್ಟೆ ಬಿಟ್ಟಿರಲು ಹೇಗೆ ಸಾಧ್ಯ? ಇನ್ನೂ ಮಗು. ಬರುವ ಬೇಸಿಗೆಗೆ ಬಿಡಬೇಕು. ನನಗೆ ಖಾತ್ರಿಯಿಲ್ಲ, ಆದರೆ ಹಾಗನ್ನಿಸುತ್ತದೆ. ಕಿಟಕಿಯ ಮೇಲಿನ ಚಿಪ್ಪಿನ ಮಾತು ಹೇಳುತ್ತಿದ್ದೇನೆ.

ಶಾಲೆಯಲ್ಲಿ ಹಬ್ಬಕ್ಕೆ ಕುಂಬಳಕಾಯಿ ಪೈ ಮಾಡುವ ಕೆಲಸ. ಮೈಗೆಲ್ಲ ದಾಲ್ಚಿನ್ನಿಯ ವಾಸನೆ. ಮೀನಿನ ವಾಸನೆ ಇಲ್ಲದ ನವೆಂಬರ್ ನನಗೆ ಇದೇ ಮೊದಲು.

ಹೆಟ್ಟಿ


ಸ್ಪ್ರಿಂಗ್ಸ್
ನವೆಂಬರ್ 30, 1986

ಜಾರ್ವಿಸ್,

ನಿನ್ನ ಉಡುಗೊರೆ ಬಂತು.

ಬುಧವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ ಶೆಡ್ಡಿನ ಕೊಳವೆಯಲ್ಲಿ ಹೊಗೆ ಕಂಡಿತು. ಒಳಗೆ ನಾರಿಸ್, ಡೋರಾ. ಒಲೆ ಹಚ್ಚಿದ್ದರು, ನನ್ನ ಸ್ಟೂಲಿನ ಧೂಳು ಒರೆಸಿದ್ದರು, ಕತ್ತಿ ಮಸೆದು ಇಟ್ಟಿದ್ದರು. ನೆಲದ ಮೇಲೆ ಎರಡು ಬುಟ್ಟಿ, ಮೇಲೆ ಒದ್ದೆ ಗೋಣಿ. ನಾರಿಸ್‌ನ ಮುಖ ಮದುವೆಮನೆಯವನ ಹಾಗಿತ್ತು. ‘ಅತ್ತಿಗೆ, ಇದು ಅಣ್ಣನ ಕಡೆಯಿಂದ. ಸ್ಯಾಮಿಯ ತೋಡಲ್ಲಿ ಹುಲ್ಲಿದೆ, ಹುಲ್ಲಿದ್ದಲ್ಲಿ ಚಿಪ್ಪಿರ್ತದೆ, ಗೆರೆ ಇದ್ರೆ ತಗೊಂಡ್ಹೋಗಿ ಹೆಟ್ಟಿ ಮುಂದೆ ಇಡು, ಪಾಪ ಕೈ ಖಾಲಿ ಇಟ್ಕೊಂಡು ಕೂತಿದ್ದಾಳೆ ಅಂದ. ನೋಡಿ, ಎಲ್ಲದಕ್ಕೂ ಗೆರೆ ಇದೆ.’

ಗೋಣಿ ಸರಿಸಿದೆ. ಒಂದು ಬುಟ್ಟಿಯಲ್ಲಿ ಚಪ್ಪಾಳೆ ಸದ್ದು ಎದ್ದಿತು. ಇನ್ನೊಂದರಲ್ಲಿ ಸದ್ದೇ ಇಲ್ಲ. ಅದನ್ನು ಅವನು ಲಾರಿಯ ಹಿಂದೆ ತೆರೆದೇ ಬಿಟ್ಟಿದ್ದ, ಕೊರೆಯುವ ಗಾಳಿಗೆ ಅವು ಅಲ್ಲೇ ಗಡ್ಡೆಕಟ್ಟಿ ಬಾಯಿ ಬಿಟ್ಟಿದ್ದವು. ಒಂದೊಂದನ್ನೂ ಎತ್ತಿ ನೋಡಿದೆ. ಎಲ್ಲದಕ್ಕೂ ಗೆರೆ ಇತ್ತು, ಕೀಲಿನ ಹತ್ತಿರ, ಉಗುರಿನಷ್ಟಕ್ಕೆ.

ಈಗ ಹೇಳುತ್ತೇನೆ, ಕೇಳು. ಕಿಟಕಿಯ ಮೇಲೆ ಯಾವ ಚಿಪ್ಪೂ ಇರಲಿಲ್ಲ. ಸೆಪ್ಟೆಂಬರಿನಿಂದ ನಾನು ಅವುಗಳನ್ನೇ ನೋಡಲು ಹೋಗುತ್ತಿದ್ದೆ. ನಮ್ಮ ಕೊಲ್ಲಿಯಲ್ಲಿ ಉಳಿದದ್ದು ಅಷ್ಟೇ, ನನಗೆ ತಿಳಿದ ಮಟ್ಟಿಗೆ. ಹೋದ ವರ್ಷ ಕಂದು ನೀರಿನಲ್ಲಿ ಬೇಸಿಗೆಯ ಮರಿಯೆಲ್ಲ ಸತ್ತ ಮೇಲೆ, ಯಾವುದೋ ನಾಲ್ಕು ಮುದಿ ಚಿಪ್ಪು ತಡವಾಗಿ ಬಿಟ್ಟ ಮೊಟ್ಟೆಯಿಂದ ಇವು ಹುಟ್ಟಿದವು. ಬರುವ ಜೂನಿನವರೆಗೆ ಉಳಿದರೆ ಅವುಗಳಿಂದಲೇ ಮತ್ತೆ ಕೊಲ್ಲಿ ತುಂಬಬೇಕು.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಮಾರನೆಯ ಬಸ್ಸಿಗೆ ಬರುತ್ತಿದ್ದೆ. ನೀನು ಬಂದರೆ ಶೆಡ್ಡಿನ ಬಾಗಿಲು ತೆರೆಯುತ್ತಿತ್ತು. ನನಗೆ ಅದು ಬೇಡ, ಜಾರ್ವಿಸ್. ರಾಜ್ಯವಂತೆ ರಾಜ್ಯ. ಮೂವತ್ತು ಚಳಿಗಾಲ ಆ ಸ್ಟೂಲಿನ ಮೇಲೆ, ಕಾಲು ಐಸಿನಲ್ಲಿ, ಕೈ ಉಪ್ಪುನೀರಿನಲ್ಲಿ. ನಾವು ಹಾಡುತ್ತಿದ್ದದ್ದು ಖುಷಿಗೆ ಅಂದುಕೊಂಡೆಯಾ? ತೂಕಡಿಸಿ ಕತ್ತಿ ಅಂಗೈಗೆ ಹೋಗದಿರಲಿ ಅಂತ ಹಾಡುತ್ತಿದ್ದೆವು. ಈ ಒಂದು ವರ್ಷ ನನ್ನ ಕೈ ಖಾಲಿ ಇದ್ದದ್ದು ನನ್ನ ಪಾಲಿನ ಹಬ್ಬ. ನೀನು ಅದನ್ನೇ ಸೂತಕ ಅಂತ ಓದಿಕೊಂಡೆ. ತಪ್ಪು ನಿನ್ನದೊಬ್ಬನದೇ ಅಲ್ಲ, ನಾನೂ ಸ್ಪಷ್ಟವಾಗಿ ಬರೆಯಲಿಲ್ಲ. ಆದರೂ ನಿನ್ನ ಮೇಲೆಯೇ ಸಿಟ್ಟು ಬಂದಿದೆ.

ನಾರಿಸ್‌ಗೆ ಇವು ಇನ್ನೂ ಮೊಟ್ಟೆ ಬಿಡದವು ಅಂದೆ. ಅವನು ನಂಬಲಿಲ್ಲ. ‘ಗೆರೆ ಇದೆಯಲ್ಲ ಅತ್ತಿಗೆ, ಅಣ್ಣನೇ ಹೇಳಿದ್ದು’ ಅಂತ ಅದನ್ನೇ ಹೇಳಿದ. ನಿನ್ನ ಮನೆಯವರಿಗೆಲ್ಲ ಗೆರೆ ಅಂದರೆ ದೇವರ ವಾಕ್ಯ. ಕೊನೆಗೆ ಕತ್ತಿ ತೆಗೆದುಕೊಂಡು ಸತ್ತದ್ದೊಂದನ್ನು ಬಿಡಿಸಿ, ಕರುಳಿನ ಪಕ್ಕದ ಮೊಟ್ಟೆಚೀಲ ಬೆರಳಿನಿಂದ ಎತ್ತಿ ತೋರಿಸಿದೆ. ದಾರದಷ್ಟು ಸಣ್ಣ, ಬಣ್ಣವೇ ಹತ್ತಿರಲಿಲ್ಲ. ಒಂದು ಸಲ ತುಂಬಿ ಇಳಿದದ್ದು ಹೀಗಿರುವುದಿಲ್ಲ ಅಂತ ಡೋರಾಳೂ ಹೇಳಿದಳು, ಅವಳೂ ಸಾವಿರಾರು ಬಿಡಿಸಿದವಳು. ನಾರಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ‘ಈಗ ಏನ್ ಮಾಡೋದು?’ ಅಂದ. ಲಾರಿ ಹೊರಡಿಸು ಅಂದೆ.

ಜೀವ ಇದ್ದ ಬುಟ್ಟಿಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ನನ್ನ ಕೋಟು ಹೊದಿಸಿ ತೋಡಿಗೆ ಹೋದೆವು. ನಿನ್ನ ಎದೆಮಟ್ಟದ ರಬ್ಬರ್ ಬೂಟು ಹಾಕಿಕೊಂಡು ನೀರಿಗೆ ಇಳಿದೆ. ಸುರಿದುಬಿಡಿ ಅತ್ತಿಗೆ ಅಂತ ನಾರಿಸ್ ದಡದಿಂದ ಕೂಗಿದ. ಸುರಿಯಲಿಲ್ಲ. ಹುಲ್ಲಿನ ಬುಡದಲ್ಲಿ ಒಂದೊಂದಾಗಿ ಇಟ್ಟೆ. ಕೆಲವು ಕೈಯಿಂದ ಬಿಟ್ಟ ಕೂಡಲೇ ಹಾರಿದವು. ಕೆಲವು ಇಟ್ಟಲ್ಲೇ ಕೂತವು, ಅವು ಬದುಕುತ್ತವೋ ಇಲ್ಲವೋ ಗೊತ್ತಿಲ್ಲ.

ಸತ್ತ ಬುಟ್ಟಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಡೋರಾಳೂ ನಾನೂ ಕೂತು ಬಿಡಿಸಿದೆವು. ಹಬ್ಬದ ದಿನ ಬೆಣ್ಣೆಯಲ್ಲಿ ಹುರಿದು ತಿಂದೆವು. ಬಹಳ ರುಚಿಯಾಗಿತ್ತು, ಜಾರ್ವಿಸ್. ಅದಕ್ಕೇ ಇನ್ನೂ ಸಿಟ್ಟು. ಶುಕ್ರವಾರದಿಂದ ಬಲಗೈ ಮುಷ್ಟಿ ಕಟ್ಟಲು ಬರುತ್ತಿಲ್ಲ. ಇದನ್ನು ಎರಡು ದಿನ ಕೂತು ಬರೆಯುತ್ತಿದ್ದೇನೆ.

ಕಾಗದ ಮಡಿಸುವ ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಚಿಪ್ಪು ಮರಳಿ ಬರಲಿ ಅಂತ ನಾನೂ ಬೇಡುತ್ತೇನೆ. ಬಂದರೆ ನೀನು ಹಿಡಿ, ಮಾರು, ಯಾರ ಕೈಲಾದರೂ ಬಿಡಿಸು. ನಾನು ಇನ್ನು ಒಂದನ್ನೂ ಬಿಡಿಸುವುದಿಲ್ಲ. ಅದು ಆಗದು ಅಂದರೆ ನೀನು ಅಲ್ಲೇ ನಿನ್ನ ನೀರಿನ ಮೇಲೆ ಸುಖವಾಗಿರು.

ಹೆಟ್ಟಿ


ಸ್ಪ್ರಿಂಗ್ಸ್
ಡಿಸೆಂಬರ್ 21, 1986

ಜಾರ್ವಿಸ್,

ನೀನು ಬರೆದಿಲ್ಲ. ಅಂಚೆಯವಳು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾಳೆ. ಬೈದದ್ದಕ್ಕೆ ಕ್ಷಮೆ ಕೇಳುತ್ತೇನೆ ಅಂತ ಕಾಯುತ್ತಿದ್ದರೆ ಕಾಯಬೇಡ.

ನಾರಿಸ್ ದಿನಾ ಬಂದು ಸೌದೆ ಒಡೆದು ಹೋಗುತ್ತಾನೆ. ಈ ಚಳಿಗಾಲಕ್ಕೆ ಮಾತ್ರವಲ್ಲ, ಮುಂದಿನದ್ದಕ್ಕೂ ಆಯಿತು. ಸಾಕು ಮಾರಾಯ ಅಂದರೂ ನಿಲ್ಲಿಸುವುದಿಲ್ಲ. ತೋಡಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಲು ಶುರುವಾಗಿದೆ. ಮೊನ್ನೆ ಗಾಜಿನ ಪೆಟ್ಟಿಗೆ ಇಟ್ಟು ನೋಡಿದೆ. ಹುಲ್ಲಿನೊಳಗೆ ನೀಲಿ ಕಣ್ಣುಗಳು ಕಂಡವು. ಎಷ್ಟು ಅಂತ ಎಣಿಸಲಿಲ್ಲ, ಎಣಿಸಲು ಧೈರ್ಯವಾಗಲಿಲ್ಲ.

ಕುಡಿದು ಬಿದ್ದಿದ್ದರೆ ಬಿದ್ದಿದ್ದೇನೆ ಅಂತಲಾದರೂ ಬರೆ. ಇಲ್ಲದಿದ್ದರೆ ಮನಸ್ಸು ಇನ್ನೂ ಕೆಟ್ಟದ್ದನ್ನು ಯೋಚಿಸುತ್ತದೆ.

ಹೆಟ್ಟಿ


ಕೇಪ್ ಕನಾವೆರಲ್
ಜನವರಿ 4, 1987

ಹೆಟ್ಟಿ,

ಇದು ಡೆಲ್ಬರ್ಟ್‌ನ ಅಕ್ಷರ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ಮಧ್ಯೆ ತನ್ನ ಮಾತು ಸೇರಿಸಬಾರದು ಅಂತ ಆಣೆ ಹಾಕಿಸಿದ್ದೇನೆ.

ನಾನು ಕುಡಿಯುತ್ತಿಲ್ಲ. ಇಲ್ಲಿಗೆ ಬಂದಾಗಿನಿಂದ ಒಂದು ಗುಟುಕೂ ಕುಡಿದಿಲ್ಲ. ನೀನು ಹಾಗಂದುಕೊಂಡಾಗ ಹೌದು ಅಂದೆ, ನಿಜ ಹೇಳುವುದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಈ ವಯಸ್ಸಿನವನನ್ನು ಯಾವ ಬೋಟೂ ಹತ್ತಿಸಿಕೊಳ್ಳಲಿಲ್ಲ. ಬಂದ ವಾರವೇ ಗೊತ್ತಾಯಿತು. ನಾನಿರುವುದು ದಡದ ಮೇಲೆ, ಚಿಪ್ಪು ಬಿಡಿಸುವ ಕಾರ್ಖಾನೆಯಲ್ಲಿ. ಯಂತ್ರ ಹಬೆ ಕೊಟ್ಟು ಚಿಪ್ಪು ತೆರೆಯುತ್ತದೆ, ಯಂತ್ರವೇ ಕರುಳು ಎಳೆಯುತ್ತದೆ. ಯಂತ್ರ ಬಿಟ್ಟ ಚೂರು, ಸಿಪ್ಪೆ, ಕರುಳಿನ ಎಳೆ ಎಲ್ಲ ಐಸು ನೀರಿನಲ್ಲಿ ಕೈ ಹಾಕಿ ಆರಿಸಬೇಕು. ಮಾಂಸ ಹೊತ್ತ ರಬ್ಬರ್ ಪಟ್ಟಿ ಓಡುತ್ತಲೇ ಇರುತ್ತದೆ. ಪಟ್ಟಿಯ ಎರಡು ಕಡೆಯೂ ಹೆಂಗಸರು, ನಡುವೆ ನಾನು, ನನ್ನ ಎದುರಿಗೆ ಡೆಲ್ಬರ್ಟ್. ಹತ್ತು ಮೈಲಿ ದೂರದಿಂದ ನೀರಿನ ಬಣ್ಣ ನೋಡಿ ಮೀನು ಹೇಳುತ್ತಿದ್ದವನು ನಾನು. ಇದನ್ನು ಯಾವ ಬಾಯಲ್ಲಿ ನಿನಗೆ ಬರೆಯಲಿ? ಕೈಗವಸು ಕೇಳಿದ್ದು ಇದಕ್ಕೇ. ಅಕ್ಷರ ಕೆಟ್ಟದ್ದೂ ಇದಕ್ಕೇ. ಅಕ್ಟೋಬರಿನಿಂದ ಬೆರಳು ಮಡಿಸಲು ಬರುತ್ತಿಲ್ಲ. ನಿನ್ನ ಕಾಗದ ಬಂದಾಗ ಪೆನ್ನು ಹಿಡಿಯಲು ನಾಲ್ಕು ದಿನ ಪ್ರಯತ್ನಪಟ್ಟೆ. ಆಮೇಲೆ ಇವನನ್ನು ಕೇಳಲು ನಾಚಿಕೆ.

ಇವನಿಗೆ ನಿನ್ನ ಕಾಗದ ಓದಲು ಕೊಟ್ಟೆ. ಓದಿ, ‘ಮೂವತ್ತು ವರ್ಷವಾ? ನಾವು ಏಳು ತಿಂಗಳಿಗೆ ಹೀಗಾಗಿದ್ದೀವಲ್ಲೋ’ ಅಂದ.

ನಾನು ಕಾರ್ಖಾನೆಯಿಂದ ಸಂಜೆ ಬಂದರೆ ಬೂಟು ಬಿಚ್ಚುವ ಶಕ್ತಿ ಇರುವುದಿಲ್ಲ, ಹಾಗೇ ಬಿದ್ದುಕೊಳ್ಳುತ್ತೇನೆ. ನೀನು ಶೆಡ್ಡಿನಿಂದ ಬಂದು ನನಗೆ ಅಡಿಗೆ ಮಾಡುತ್ತಿದ್ದೆ. ನಾನು ಒಲೆಯ ಮುಂದೆ ಕಾಲು ಚಾಚಿ ಕೂತು, ಉಪ್ಪು ಹೆಚ್ಚಾಯಿತು ಅನ್ನುತ್ತಿದ್ದೆ. ಹೆಟ್ಟಿ, ನಾನು ಅದನ್ನು ಅಂದದ್ದು ನೆನಪಿದೆ.

ಆ ಚಿಪ್ಪುಗಳ ವಿಷಯದಲ್ಲೂ ನೀನೇ ಸರಿ. ಪೂರ್ತಿ ಬುಟ್ಟಿ ಚಿಪ್ಪನ್ನು ಇಷ್ಟು ದೂರದಿಂದ ಕೊಂದೆ. ಪ್ರೀತಿಯಿಂದ ಮಾಡಿದೆ ಅಂತ ಹೇಳಿಕೊಳ್ಳಲೂ ಈಗ ನಾಚಿಕೆ.

ಚಿಪ್ಪು ಬಂದ ದಿನ ಬರುತ್ತೇನೆ ಅಂದಿದ್ದೆ. ಈಗ ಹಾಗೆ ಹೇಳುವುದಿಲ್ಲ. ಈ ಕೈಯಲ್ಲಿ ಇನ್ನು ಬಲೆ ಎಳೆಯುವುದೂ ಅನುಮಾನ. ಯಾವ ಕೆಲಸಕ್ಕೂ ಬಾರದವನಾಗಿ ಬಂದರೆ ಮನೆಗೆ ಸೇರಿಸುತ್ತೀಯಾ ಅಂತ ಕೇಳಬೇಕು. ನೀನು ಬರೆಯುವವರೆಗೆ ಹೊರಡುವುದಿಲ್ಲ.

ಜಾರ್ವಿಸ್

ಅಮ್ಮಾ, ಆಣೆ ಮುರಿಯುತ್ತಿದ್ದೇನೆ. ಇವನು ಹೇಳುವಾಗ ಅತ್ತ. ಅದನ್ನು ಬರೆಯಬೇಡ ಅಂದ. ಡೆಲ್ಬರ್ಟ್.


ಸ್ಪ್ರಿಂಗ್ಸ್
ಜನವರಿ 18, 1987

ಜಾರ್ವಿಸ್,

ಇದನ್ನು ಡೆಲ್ಬರ್ಟ್ ಓದಿ ಹೇಳುತ್ತಾನೆ ಅಂತ ಗೊತ್ತಿರುವುದರಿಂದ ಕೆಲವು ಮಾತು ಬರೆಯುವುದಿಲ್ಲ. ಎದುರಿಗೆ ಬಂದಾಗ ಹೇಳುತ್ತೇನೆ, ಕೆಲವು ಬೈಗುಳ, ಕೆಲವು ಬೇರೆ. ಅವನಿಗೆ ನನ್ನ ನಮಸ್ಕಾರ ಹೇಳು. ಅಡ್ಡಿಯಿಲ್ಲದಿದ್ದರೆ ಅವನೂ ಬರಲಿ, ನಾರಿಸ್ ಒಡೆದ ಸೌದೆ ಮೂರು ಮನೆಗೆ ಸಾಕಾಗುವಷ್ಟಿದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಸುಖವಾಗಿದ್ದೀಯ ಅಂತ ಏಳು ತಿಂಗಳು ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಅಷ್ಟೂ ಮುನಿಸು ದಂಡವಾಯಿತು. ಡೋರಾ ಬಿಸಿ ಮೇಣದಲ್ಲಿ ಕೈ ಅದ್ದುವುದನ್ನು ಹೇಳಿಕೊಟ್ಟಿದ್ದಾಳೆ, ನನಗೆ ಬಲಗೈ ಸ್ವಲ್ಪ ವಾಸಿ. ನಿನಗೂ ಮಾಡಬಹುದು.

ತೋಡು ಈಗ ಹೆಪ್ಪುಗಟ್ಟಿದೆ, ಕೆಳಗೆ ಏನಾಗುತ್ತಿದೆ ಅಂತ ಹೇಳಲು ಬರುವುದಿಲ್ಲ. ಉಳಿದಿದ್ದರೆ ಜೂನಿನಲ್ಲಿ ಮೊಟ್ಟೆ ಬಿಡುತ್ತವೆ. ಬಿಟ್ಟ ಮೇಲೆ ಅವು ಸಾಯುವವೇ. ಗೆರೆ ಎಲ್ಲಿದ್ದರೂ ಸರಿ, ಆ ಕೆಲವನ್ನು ಯಾರೂ ಮುಟ್ಟಬಾರದು ಅಂತ ನಾರಿಸ್‌ಗೆ ಹೇಳಿದ್ದೇನೆ. ಒಂದು ಸಲವಾದರೂ ಮುದಿಯಾಗಿ, ತಮ್ಮಷ್ಟಕ್ಕೆ ಸಾಯಲಿ. ಅವನು ಸರಿ ಅತ್ತಿಗೆ ಅಂದ.

ಅವನಿಂದ ಇನ್ನೊಂದು ಕೆಲಸವನ್ನೂ ಮಾಡಿಸಿದೆ. ಶೆಡ್ಡಿನ ಬಾಗಿಲಿಗೆ ಅಡ್ಡ ಹಲಗೆ ಇಟ್ಟು ಮೊಳೆ ಹೊಡೆಸಿದ್ದೇನೆ. ಸ್ಟೂಲು, ಕತ್ತಿ, ಪಾತ್ರೆ ಎಲ್ಲ ಒಳಗೇ ಇವೆ. ಚಿಪ್ಪು ಬರಲಿ, ಬಾರದಿರಲಿ, ಆ ಹಲಗೆ ಕೀಳುವ ಮಾತು ನೀನು ಎತ್ತಬಾರದು. ಒಪ್ಪಿಗೆಯಿದ್ದರೆ ಬಸ್ಸು ಹತ್ತು. ಬಂದ ದಿನ ಅಡಿಗೆ ನಾನು ಮಾಡುತ್ತೇನೆ. ಮಾರನೆಯ ದಿನದಿಂದ ನೀನು.

ಹೆಟ್ಟಿ